ಪಿಸ್ತೂಲಿನ ತೋಟಾ: ಮದ್ದಿನ ತೂಕದಷ್ಟೇ ಮುಖ್ಯ ಗುಂಡು ಕೂತ ಆಳ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬಂದೂಕುಗಳ ಸುರಕ್ಷತೆಯ ಕುರಿತ ಲೇಖನವನ್ನು ಎರಡು ಸಲ ಓದಿದೆ. ಪರವಾನಗಿದಾರರು ಕೋವಿಯನ್ನು ಎಲ್ಲಿಡಬೇಕು, ಮದ್ದುಗುಂಡನ್ನು ಬೇರೆ ಕಡೆ ಏಕೆ ಇಡಬೇಕು, ಮಕ್ಕಳ ಕೈಗೆ ಸಿಗದಂತೆ ಹೇಗೆ ಬೀಗ ಹಾಕಬೇಕು ಎಂಬುದನ್ನೆಲ್ಲ ಲೇಖಕರು ಚೆನ್ನಾಗಿಯೇ ವಿವರಿಸಿದ್ದಾರೆ. ಆದರೆ ನಡುವೆ ಬಂದಿರುವ, ತೋಟಾದಲ್ಲಿ ಮದ್ದು ಹೆಚ್ಚಾದರೆ ಮಾತ್ರ ಪಿಸ್ತೂಲು ಸಿಡಿಯುತ್ತದೆ ಎಂಬ ಮಾತು ಸರಿಯಲ್ಲ. ಪೊಲೀಸ್ ಇಲಾಖೆಯ ಶಸ್ತ್ರಾಗಾರದಲ್ಲಿ 29 ವರ್ಷ, ಆಯುಧಗಳನ್ನು ನೋಡಿಕೊಂಡು ದುರಸ್ತಿ ಮಾಡುವ ಆರ್ಮರರ್ ಆಗಿ ದುಡಿದು ಈಗ ಮಂಡ್ಯದಲ್ಲಿ ನೆಲೆಸಿರುವ ನನಗೆ, ಆ ವಾಕ್ಯದಲ್ಲಿರುವ 'ಮಾತ್ರ' ಎಂಬ ಒಂದು ಪದವನ್ನು ಹಾಗೆಯೇ ಬಿಟ್ಟುಬಿಡಲು ಮನಸ್ಸು ಒಪ್ಪಲಿಲ್ಲ. ಮದ್ದು ಒಂದು ಕಾಳೂ ಹೆಚ್ಚಾಗದೆ, ತೋಟಾದ ತುದಿಯ ಗುಂಡು ಹಿತ್ತಾಳೆಯ ಕೇಸಿನಲ್ಲಿ ಇರಬೇಕಾದ್ದಕ್ಕಿಂತ ಒಂದು ಮಿಲಿಮೀಟರಿನಷ್ಟು ಒಳಕ್ಕೆ ಕೂತ ಕಾರಣಕ್ಕೇ ಪಿಸ್ತೂಲು ಬಿರಿಯಬಲ್ಲದು. ಅದು ಹೇಗೆ ಎಂಬುದನ್ನು ಓದುಗರಿಗೆ ತಿಳಿಸಲು ಈ ಪತ್ರ.

ಇದು ನನ್ನ ಮನೆಯವರೆಗೂ ಬಂದ ಸಂಗತಿ. ನನ್ನ ತಂಗಿಯ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸದಲ್ಲಿದ್ದಾನೆ. ಹಾರಿಸಿ ಬಿದ್ದ ಹಿತ್ತಾಳೆಯ ಕೇಸುಗಳನ್ನು ಆರಿಸಿ ತಂದು, ಮದ್ದಿಗೆ ಕಿಡಿ ಕೊಡುವ ಹೊಸ ಕ್ಯಾಪ್ ಕೂರಿಸಿ, ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಒತ್ತಿ ಮನೆಯಲ್ಲೇ ತೋಟಾ ತಯಾರಿಸಿಕೊಳ್ಳುವುದು ಅಲ್ಲಿ ಕಾನೂನು ಒಪ್ಪಿದ ಹವ್ಯಾಸ. ಅದಕ್ಕೆ ಬೇಕಾದ ಕೈಯಂತ್ರ, ತಕ್ಕಡಿ, ಕೈಪಿಡಿ ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ದಸರಾಕ್ಕೆಂದು ಊರಿಗೆ ಬಂದಾಗ ಅವನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. 9 ಎಂಎಂ ತೋಟಾದ ಖಾಲಿ ಕೇಸು ಅದು. ಬುಡದ ಅಂಚಿಗಿಂತ ಸ್ವಲ್ಪ ಮೇಲೆ, ಒಂದೇ ಪಕ್ಕದಲ್ಲಿ, ಹಿತ್ತಾಳೆ ಉಬ್ಬಿ ಸೀಳಿ, ತುಟಿ ಹೊರಳಿಸಿದಂತೆ ಹೊರಕ್ಕೆ ಮಡಚಿಕೊಂಡಿತ್ತು. ಸೀಳಿನ ಸುತ್ತ ಮಸಿ ಕವಿದಿತ್ತು. ಆ ಜಾಗವನ್ನು ನೋಡಿದ ಕೂಡಲೇ ನನಗೆ ತಿಳಿಯಿತು. ಸ್ವಯಂಚಾಲಿತ ಪಿಸ್ತೂಲಿನಲ್ಲಿ, ಹಿಡಿಯೊಳಗೆ ತೋಟಾಗಳನ್ನು ತುಂಬಿಡುವ ಮ್ಯಾಗಜಿನ್‌ನಿಂದ ತೋಟಾ ಜಾರಿ ಮೇಲೇರಲು ಅನುಕೂಲವಾಗಲೆಂದು ನಳಿಗೆಯ ಹಿಂಬದಿಯ ಬಾಯಿಯ ಕೆಳಭಾಗವನ್ನು ಇಳಿಜಾರಾಗಿ ಕೆತ್ತಿರುತ್ತಾರೆ. ಅಷ್ಟು ಭಾಗದಲ್ಲಿ ಕೇಸಿಗೆ ಉಕ್ಕಿನ ಆಸರೆ ಇರುವುದಿಲ್ಲ, ಹಿತ್ತಾಳೆಯೊಂದೇ ಒತ್ತಡವನ್ನು ತಡೆಯಬೇಕು. ಒತ್ತಡ ಮಿತಿ ಮೀರಿದಾಗ ಅದು ಮೊದಲು ಸೋಲುವುದು ಅಲ್ಲೇ. ಅನಿಲ ಕೆಳಕ್ಕೆ ನುಗ್ಗಿ ಮ್ಯಾಗಜಿನ್ ಅನ್ನು ನೆಲಕ್ಕೆ ಎಸೆದಿತ್ತು, ಹಿಡಿಯ ಪ್ಲಾಸ್ಟಿಕ್ ಬಿರಿದಿತ್ತು. ಹುಡುಗನ ತೋರುಬೆರಳು ಎರಡು ದಿನ ಮರಗಟ್ಟಿತ್ತಂತೆ. ಕಣ್ಣಿಗೆ ಕನ್ನಡಕ ಹಾಕಿದ್ದರಿಂದ ಹೆಚ್ಚಿನದೇನೂ ಆಗಲಿಲ್ಲ.

"ಮಾವ, ಮದ್ದನ್ನು ಎರಡೆರಡು ಸಲ ತೂಗಿದ್ದೆ. ಉಳಿದ ತೋಟಾಗಳನ್ನು ಬಿಚ್ಚಿ ಮತ್ತೆ ತೂಗಿ ನೋಡಿದೆ. ಒಂದರಲ್ಲೂ ಹೆಚ್ಚಿಲ್ಲ," ಎಂದ. ಗುಂಡು ಯಾವುದು ಎಂದು ಕೇಳಿದೆ. ಅದುವರೆಗೆ ಬಳಸುತ್ತಿದ್ದ, ಸೀಸದ ತಿರುಳಿನ ಗುಂಡನ್ನು ಬಿಟ್ಟು, ಅಷ್ಟೇ ತೂಕದ ಪೂರ್ತಿ ತಾಮ್ರದ ಗುಂಡನ್ನು ಮೊದಲ ಸಲ ತಂದಿದ್ದನಂತೆ. ತೂಕ ಒಂದೇ ಆದ್ದರಿಂದ ಹಳೆಯ ಲೆಕ್ಕದ ಮದ್ದೇ ಸಾಕೆಂದುಕೊಂಡಿದ್ದ. ತೋಟಾ ನಳಿಗೆಯೊಳಗೆ ಸರಾಗವಾಗಿ ಇಳಿಯದೆ ಮೂತಿ ತಗುಲುತ್ತಿದ್ದುದರಿಂದ ಗುಂಡನ್ನು ಇನ್ನೊಂದಿಷ್ಟು ಒಳಕ್ಕೆ ಒತ್ತಿದ್ದ. ಅಲ್ಲಿಗೆ ಎರಡು ತಪ್ಪು ಒಂದರ ಮೇಲೊಂದು ಕೂತವು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ತಾಮ್ರದ್ದು 8.96. ಅಂದಮೇಲೆ ಅದೇ ತೂಕ, ಅದೇ ದಪ್ಪದ ತಾಮ್ರದ ಗುಂಡು ಸೀಸದ್ದಕ್ಕಿಂತ ಉದ್ದವಾಗಿರಲೇಬೇಕು. ತೋಟಾದ ಒಟ್ಟು ಉದ್ದ ಹೊರಗಿನಿಂದ ಮೊದಲಿನಷ್ಟೇ ಕಂಡರೂ ಗುಂಡಿನ ಬುಡ ಒಳಗೆ ಆಗಲೇ ಕೆಳಕ್ಕಿಳಿದಿತ್ತು. ಅದರ ಮೇಲೆ ಇವನು ಇನ್ನಷ್ಟು ಒತ್ತಿದ.

ಆಳಕ್ಕೂ ಒತ್ತಡಕ್ಕೂ ಇರುವ ಸಂಬಂಧವನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು, ಏಕೆಂದರೆ ಒಂದು ಮಿಲಿಮೀಟರ್ ಎಂದರೆ ಕೇಳುವವರಿಗೆ ಏನೂ ಅನ್ನಿಸುವುದಿಲ್ಲ. 9 ಎಂಎಂ ತೋಟಾದ ಹಿತ್ತಾಳೆ ಕೇಸಿನ ಉದ್ದ 19.15 ಮಿಲಿಮೀಟರ್. ಸಾಮಾನ್ಯ ತೂಕದ ಗುಂಡು ಸರಿಯಾಗಿ ಕೂತ ಮೇಲೆ ಅದರ ಕೆಳಗೆ ಮದ್ದಿಗೆ ಉಳಿಯುವ ಜಾಗ ಸುಮಾರು 550 ಘನ ಮಿಲಿಮೀಟರ್, ಅಂದರೆ ಮಕ್ಕಳಿಗೆ ಹನಿ ಔಷಧ ಹಾಕುವ ಪಿಚಕಾರಿಯಲ್ಲಿ ಅರ್ಧ ಮಿಲಿಲೀಟರ್ ಗೆರೆಗಿಂತ ತುಸು ಮೇಲಷ್ಟೆ. ಗುಂಡಿನ ವ್ಯಾಸ 9 ಮಿಲಿಮೀಟರ್ ಇರುವುದರಿಂದ ಅದು ಒಂದು ಮಿಲಿಮೀಟರ್ ಕೆಳಗಿಳಿದರೆ ಸುಮಾರು 64 ಘನ ಮಿಲಿಮೀಟರ್ ಜಾಗವನ್ನು ನುಂಗುತ್ತದೆ. ಹೆಚ್ಚುಕಡಿಮೆ ಒಂಬತ್ತರಲ್ಲಿ ಒಂದು ಭಾಗ ಹೋಯಿತು. ಉಳಿದ ಜಾಗದಲ್ಲೂ ಮದ್ದಿನ ಕಾಳುಗಳೇ ಒಂದಿಷ್ಟು ತುಂಬಿಕೊಂಡಿರುವುದರಿಂದ, ಅನಿಲ ಹರಡಿಕೊಳ್ಳಲು ಇರುವ ನಿಜವಾದ ತೆರಪು ಇದಕ್ಕಿಂತಲೂ ದೊಡ್ಡ ಪಾಲಿನಲ್ಲಿ ಕುಗ್ಗುತ್ತದೆ.

ಜಾಗ ಒಂಬತ್ತರಲ್ಲಿ ಒಂದು ಪಾಲು ಕುಗ್ಗಿದರೆ ಒತ್ತಡವೂ ಅಷ್ಟೇ ಪ್ರಮಾಣದಲ್ಲಿ ಏರಿ ನಿಂತಿದ್ದರೆ ಇಷ್ಟು ಹೆದರಬೇಕಾಗಿರಲಿಲ್ಲ. ಇಂದಿನ ತೋಟಾಗಳಲ್ಲಿ ಬಳಸುವ ಹೊಗೆರಹಿತ ಮದ್ದಿನ ಗುಣವೇ ಬೇರೆ. 1884ರಲ್ಲಿ ಅಂಥ ಮದ್ದನ್ನು ಮೊದಲು ಸಿದ್ಧಪಡಿಸಿದ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ವಿಯೇಲ್ ಅವರೇ ತೋರಿಸಿಕೊಟ್ಟಂತೆ, ಅದು ಎಷ್ಟು ವೇಗವಾಗಿ ಉರಿಯುತ್ತದೆ ಎಂಬುದು ಸುತ್ತಲಿನ ಒತ್ತಡವನ್ನು ಅವಲಂಬಿಸಿರುತ್ತದೆ. ಬಯಲಲ್ಲಿ ಒಂದು ಚಿಟಿಕೆ ಹರಡಿ ಕಡ್ಡಿ ತಾಗಿಸಿದರೆ ಅದು ಸಿಡಿಯುವುದಿಲ್ಲ, ಬುಸ್ಸೆಂದು ಹಳದಿ ಜ್ವಾಲೆಯಲ್ಲಿ ಉರಿದುಹೋಗುತ್ತದೆ. ಇಕ್ಕಟ್ಟಿನಲ್ಲಿ ಹೊತ್ತಿಕೊಂಡರೆ ಒತ್ತಡ ಬೇಗ ಏರುತ್ತದೆ, ಒತ್ತಡ ಏರಿದಷ್ಟೂ ಉರಿ ಬಿರುಸಾಗುತ್ತದೆ, ಉರಿ ಬಿರುಸಾದಷ್ಟೂ ಒತ್ತಡ ಇನ್ನೂ ಮೇಲೇರುತ್ತದೆ. ನಮ್ಮ ಮಂಡ್ಯದ ಕಡೆಯ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತುಂಬುವವರನ್ನು ಕೇಳಿ. ಉರಿ ಏರಿದಷ್ಟೂ ಒಲೆ ಗಾಳಿಯನ್ನು ಎಳೆದುಕೊಳ್ಳುತ್ತದೆ, ಗಾಳಿ ಎಳೆದುಕೊಂಡಷ್ಟೂ ಉರಿ ಏರುತ್ತದೆ; ಅದು ಒಂದು ಹದ ದಾಟಿದ ಮೇಲೆ ಕೊಪ್ಪರಿಗೆಯ ಪಾಕವನ್ನು ಉಳಿಸಿಕೊಳ್ಳಲು ಓಡಾಡಬೇಕಾಗುತ್ತದೆ. ತೋಟಾದೊಳಗೆ ಇದೆಲ್ಲ ನಡೆದು ಮುಗಿಯಲು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತೂ ಬೇಡ. ಗುಂಡು ನಳಿಗೆಯಲ್ಲಿ ಮುಂದೆ ಸರಿದು ಸಾಕಷ್ಟು ಜಾಗ ಮಾಡಿಕೊಡುವ ಮೊದಲೇ ಒತ್ತಡ ತುದಿ ಮುಟ್ಟಿರುತ್ತದೆ.

ಎಷ್ಟು ಏರಬಲ್ಲದು ಎಂಬುದಕ್ಕೆ ಅಳೆದು ಕಂಡ ಲೆಕ್ಕವೇ ಇದೆ. ಗುಂಡುಗಳನ್ನು ತಯಾರಿಸುವ ಅಮೆರಿಕದ ಸ್ಪಿಯರ್ ಕಂಪೆನಿ 9 ಎಂಎಂ ತೋಟಾಗಳಲ್ಲಿ, ಮದ್ದನ್ನು ಬದಲಿಸದೆ, ಗುಂಡನ್ನು ಬೇಕೆಂದೇ 0.030 ಅಂಗುಲ, ಅಂದರೆ ಮುಕ್ಕಾಲು ಮಿಲಿಮೀಟರಿನಷ್ಟು ಆಳಕ್ಕೆ ಕೂರಿಸಿ ಅಳೆದಾಗ, 28,000 ಇದ್ದ ಒತ್ತಡ 62,000ಕ್ಕೆ ಏರಿತ್ತು. ಒಂದು ಸಣ್ಣ ತಾಮ್ರದ ಉರುಳೆ ಎಷ್ಟು ಜಜ್ಜಿಹೋಯಿತು ಎಂಬುದರಿಂದ ಲೆಕ್ಕ ಹಾಕುವ ಹಳೆಯ ಏಕಮಾನದಲ್ಲಿ ಹೇಳಿದ ಅಂಕಿಗಳಿವು. ಎಲ್ಲ ಮದ್ದು, ಎಲ್ಲ ಗುಂಡುಗಳಲ್ಲೂ ಏರಿಕೆ ಇಷ್ಟೇ ಇರುತ್ತದೆಂದು ಇದರ ಅರ್ಥವಲ್ಲ. ಆದರೆ ಮುಕ್ಕಾಲು ಮಿಲಿಮೀಟರಿಗೆ ಒತ್ತಡ ಇಮ್ಮಡಿಗಿಂತ ಹೆಚ್ಚಾಗಬಲ್ಲದು ಎಂಬುದೇ ನೆನಪಿಡಬೇಕಾದ ಸಂಗತಿ. ಇಂದಿನ ಏಕಮಾನದಲ್ಲಿ 9 ಎಂಎಂ ತೋಟಾಕ್ಕೆ ಅಮೆರಿಕದ ಗುಣಮಟ್ಟ ಸಂಸ್ಥೆ ನಿಗದಿ ಮಾಡಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 35,000 ಪೌಂಡ್. ನಮ್ಮ ಕಾರಿನ ಚಕ್ರಕ್ಕೆ ಹೊಡೆಸುವ ಗಾಳಿಯ ಸಾವಿರ ಪಟ್ಟು ಅದು. ಪಿಸ್ತೂಲು ಮಾಡಿರುವುದು ಅದನ್ನು ತಾಳಲು, ಅದರ ಎರಡರಷ್ಟನ್ನು ತಾಳಲು ಅಲ್ಲ.

ಈ ವಿಷಯವನ್ನು ನಮ್ಮ ಕಡೆಯವರಿಗೆ ಹೇಳಿದಾಗ ಮೊದಲು ಬರುವ ಪ್ರಶ್ನೆ ಒಂದೇ: ಗುಂಡು ಮದ್ದಿಗೆ ತಾಗಿಕೊಂಡಿರಬೇಕು, ನಡುವೆ ತೆರಪು ಇರಬಾರದು ಎಂದು ಹಿರಿಯರು ಹೇಳುತ್ತಿರಲಿಲ್ಲವೇ? ಹೇಳುತ್ತಿದ್ದರು, ಅವರು ಹೇಳಿದ್ದು ಸರಿಯೇ. ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣದ ಕಡೆ ಬೆಳೆಗೆ ಬೀಳುವ ಹಂದಿಯನ್ನು ಓಡಿಸಲು ಇಟ್ಟುಕೊಂಡಿರುವ ಕೇಪಿನ ಕೋವಿಗಳಲ್ಲಿ ನಳಿಗೆಯ ಬಾಯಿಂದ ಕರಿಮದ್ದು ಸುರಿದು, ಗಜವೆಂಬ ಉದ್ದನೆಯ ಸಲಾಕೆಯಿಂದ ಜಡಿದು, ಗುಂಡನ್ನು ಅದರ ಮೇಲೆ ಬಿಗಿಯಾಗಿ ಕೂರಿಸಬೇಕು. ಅರ್ಧ ದಾರಿಯಲ್ಲಿ ಗುಂಡು ನಿಂತುಬಿಟ್ಟರೆ ನಳಿಗೆಯ ನಡುವೆ ಅದೇ ಅಡ್ಡಿಯಾಗಿ, ಆ ಜಾಗದಲ್ಲಿ ನಳಿಗೆ ಬಳೆಯಂತೆ ಉಬ್ಬುವುದುಂಟು, ಒಡೆಯುವುದೂ ಉಂಟು. ನಾನು ಅಂಥ ಎರಡು ನಳಿಗೆಗಳನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಆದರೆ ಕರಿಮದ್ದಿನ ಉರಿ ಒತ್ತಡಕ್ಕೆ ಹೊಗೆರಹಿತ ಮದ್ದಿನಷ್ಟು ಕೆರಳುವುದಿಲ್ಲ, ಮತ್ತು ಅಲ್ಲಿ ಮದ್ದಿನ ಅಳತೆಯನ್ನು ಗೊತ್ತುಮಾಡಿರುವುದೇ ಗುಂಡು ಅದಕ್ಕೆ ತಾಗಿ ಕೂತಿರುತ್ತದೆ ಎಂಬ ಲೆಕ್ಕದ ಮೇಲೆ. ಪಿಸ್ತೂಲಿನ ತೋಟಾದಲ್ಲಿ ಬಿಟ್ಟಿರುವ ತೆರಪು ಅಳತೆಯ ಒಂದು ಭಾಗ. ಶ್ರೀರಂಗಪಟ್ಟಣದ ಟಿಪ್ಪುವಿನ ಮದ್ದಿನ ಮನೆಯ ಕಾಲದಿಂದ ನಮಗೆ ಬಂದ ತಿಳಿವಳಿಕೆ ಕರಿಮದ್ದಿನದು. ಅದನ್ನು ಇಂದಿನ ತೋಟಾಕ್ಕೆ ಹಾಗೆಯೇ ಹೊಂದಿಸಿದರೆ ಬಿಗಿಯಾಗಿ ಒತ್ತಿದಷ್ಟೂ ಕ್ಷೇಮ ಎಂಬ ತಲೆಕೆಳಗಾದ ತೀರ್ಮಾನಕ್ಕೆ ಬರುತ್ತೇವೆ.

ಇನ್ನೊಂದು ಗೊಂದಲ ರೈಫಲ್ ಬಲ್ಲವರದು. ರೈಫಲಿನಲ್ಲಿ ಗುಂಡು ಸ್ವಲ್ಪ ಒಳಗೆ ಕೂತರೆ ಒತ್ತಡ ಇಳಿಯುತ್ತದೆ ಎಂದು ಅವರು ವಾದಿಸುತ್ತಾರೆ, ಅದರಲ್ಲೂ ಹುರುಳಿದೆ. ಗುಂಡಿನ ಮೂತಿ ನಳಿಗೆಯ ಸುರುಳಿ ಗೀರುಗಳಿಗೆ ಮೊದಲೇ ಒತ್ತಿಕೊಂಡಿದ್ದರೆ ಅದು ಹೊರಡಲು ಹೆಚ್ಚಿನ ಬಲ ಬೇಕು. ತುಸು ಹಿಂದಿದ್ದರೆ ಓಡಿ ಬಂದು ಗೀರಿಗೆ ಸಿಗುವುದರಿಂದ ಆರಂಭದ ಒತ್ತಡ ಕಡಿಮೆಯಾಗುತ್ತದೆ. ಆದರೆ ನಮ್ಮ ಪೊಲೀಸರು ದಶಕಗಳ ಕಾಲ ಹೊತ್ತ .303 ರೈಫಲಿನ ತೋಟಾವನ್ನೇ ತೆಗೆದುಕೊಳ್ಳಿ. ಅದರ ಕೇಸು ಎಷ್ಟು ದೊಡ್ಡದೆಂದರೆ ಗುಂಡು ಒಂದು ಮಿಲಿಮೀಟರ್ ಇಳಿದರೆ ಕಡಿಮೆಯಾಗುವ ಜಾಗ ಅರವತ್ತರಲ್ಲಿ ಒಂದು ಭಾಗದ ಆಸುಪಾಸು. ಪಿಸ್ತೂಲಿನಲ್ಲಿ ಅದು ಒಂಬತ್ತರಲ್ಲಿ ಒಂದು. ಅಲ್ಲಿ ಗೀರಿನ ಲೆಕ್ಕ ಮೇಲಾಗುತ್ತದೆ, ಇಲ್ಲಿ ಜಾಗದ ಲೆಕ್ಕ.

ಇಷ್ಟು ಓದಿದ ಮೇಲೆ, ಅಮೆರಿಕದಲ್ಲಿ ಮನೆಯಲ್ಲಿ ತೋಟಾ ಮಾಡಿಕೊಳ್ಳುವವರ ಪಾಡು ನಮಗೇಕೆ ಎಂದು ಕೆಲವರು ಕೇಳಬಹುದು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, ಅದು ಹಾಗೇ ಇರಬೇಕೆಂಬುದು ನನ್ನ ಅಭಿಪ್ರಾಯವೂ ಹೌದು. ಆದರೆ ಗುಂಡು ಒಳಕ್ಕಿಳಿಯಲು ಕೈಯಂತ್ರವೇ ಬೇಕಾಗಿಲ್ಲ. ಕಾರ್ಖಾನೆಯಲ್ಲಿ ಕರಾರುವಾಕ್ಕಾಗಿ ತಯಾರಾದ ತೋಟಾದಲ್ಲೂ, ನಾವು ದಿನವೂ ಮಾಡುವ ಒಂದು ಕೆಲಸದಿಂದ, ಅದು ತಾನಾಗಿಯೇ ಒಳಕ್ಕಿಳಿಯುತ್ತದೆ. ಈ ಪತ್ರ ಬರೆಯಲು ಮುಖ್ಯ ಕಾರಣವೂ ಅದೇ.

ಕಾವಲಿಗೋ ಬೆಂಗಾವಲಿಗೋ ಹೋಗುವ ಸಿಬ್ಬಂದಿ ಬೆಳಿಗ್ಗೆ ಪಿಸ್ತೂಲು ಪಡೆದು ಲೋಡ್ ಮಾಡುತ್ತಾರೆ, ಸಂಜೆ ಅನ್‌ಲೋಡ್ ಮಾಡಿ ಹಿಂದಿರುಗಿಸುತ್ತಾರೆ. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡ್ ಎಳೆದು ಬಿಟ್ಟಾಗ ಮೇಲಿನ ತೋಟಾ ಮುಂದಕ್ಕೆ ನುಗ್ಗಿ, ಅದರ ಗುಂಡಿನ ಮೂತಿ ನಾನು ಮೇಲೆ ಹೇಳಿದ ಇಳಿಜಾರಿಗೆ ಬಡಿದು, ಆಮೇಲೆ ಮೇಲೇರಿ ಒಳಗೆ ಹೋಗುತ್ತದೆ. ಪ್ರತಿ ಬಡಿತವೂ ಗುಂಡನ್ನು ಕೇಸಿನೊಳಕ್ಕೆ ತಳ್ಳುವ ಸುತ್ತಿಗೆ ಪೆಟ್ಟು. ಹಿತ್ತಾಳೆಯ ಬಾಯಿ ತನ್ನ ಬಿಗಿತದಿಂದ ಗುಂಡನ್ನು ಹಿಡಿದಿಟ್ಟುಕೊಂಡಿರುತ್ತದೆ, ಸೇವಾ ತೋಟಾಗಳಲ್ಲಿ ಅಂಚನ್ನು ಒತ್ತಿ ಅರಗಿನಂಥ ಲೇಪವನ್ನೂ ಹಚ್ಚಿರುತ್ತಾರೆ. ಒಂದು ಸಲಕ್ಕೆ, ಎರಡು ಸಲಕ್ಕೆ ಏನೂ ಆಗುವುದಿಲ್ಲ. ಆದರೆ ಸಂಜೆ ಹೊರತೆಗೆದ ಆ ತೋಟಾವನ್ನು ಮತ್ತೆ ಮ್ಯಾಗಜಿನ್‌ನ ತಲೆಗೇ ತುಂಬುವುದು ರೂಢಿ. ಹಾಗಾಗಿ ಮಾರನೆಯ ದಿನವೂ ಪೆಟ್ಟು ತಿನ್ನುವುದು ಅದೇ, ಅದರ ಮಾರನೆಯ ದಿನವೂ ಅದೇ.

ನಾನು ಸೇವೆಯಲ್ಲಿದ್ದಾಗ ಒಮ್ಮೆ ರಾತ್ರಿ ಪಾಳಿಯಲ್ಲಿ ಮದ್ದುಗುಂಡಿನ ಲೆಕ್ಕ ನೋಡುತ್ತ, ಒಂದು ಪಿಸ್ತೂಲಿನ ತೋಟಾಗಳನ್ನೆಲ್ಲ ಮೇಜಿನ ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿದ್ದೆ. ದೀಪ ಪಕ್ಕದಲ್ಲಿತ್ತು. ಹದಿಮೂರರಲ್ಲಿ ಹನ್ನೆರಡರ ತುದಿ ಒಂದೇ ಮಟ್ಟಕ್ಕಿದ್ದವು, ಒಂದು ಮಾತ್ರ ತಗ್ಗಿತ್ತು. ವರ್ನಿಯರ್ ಹಿಡಿದು ಅಳೆದಾಗ ಉಳಿದವುಗಳಿಗಿಂತ ಒಂದು ಮಿಲಿಮೀಟರಿಗೂ ಸ್ವಲ್ಪ ಹೆಚ್ಚೇ ಗಿಡ್ಡವಾಗಿತ್ತು. ಅದರ ಮೂತಿಯ ತಾಮ್ರದ ಮೇಲೆ, ಒಂದರ ಮೇಲೊಂದು ಬಿದ್ದ ಸಣ್ಣ ಸಣ್ಣ ಉಜ್ಜು ಗುರುತುಗಳು. ಬುಡದ ಅಂಚು, ತೋಟಾವನ್ನು ಹೊರಕ್ಕೆಳೆಯುವ ಎಕ್ಸ್‌ಟ್ರಾಕ್ಟರಿನ ಉಗುರು ಕಚ್ಚಿ ಕಚ್ಚಿ ಸವೆದಿತ್ತು. ಎಷ್ಟು ತಿಂಗಳಿಂದ ಅದೊಂದೇ ತೋಟಾ ಒಳಗೆ ಹೋಗಿ ಹೊರಗೆ ಬರುತ್ತಿತ್ತೋ ಯಾರಿಗೂ ನೆನಪಿರಲಿಲ್ಲ. ಲೆಕ್ಕಪತ್ರದಲ್ಲಿ ಎಲ್ಲವೂ ಸರಿಯಾಗಿತ್ತು: ಹದಿಮೂರು ಕೊಟ್ಟಿದ್ದು, ಹದಿಮೂರು ಬಂದಿದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತುರ್ತಿನಲ್ಲಿ ಪಿಸ್ತೂಲು ಎತ್ತಬೇಕಾಗಿ ಬಂದಾಗ ಮೊದಲು ಹಾರುತ್ತಿದ್ದುದು ಅದೇ ತೋಟಾ. ಅದನ್ನು ಬೇರೆಯಿಟ್ಟು ವರದಿ ಬರೆದೆ. ಉದ್ದ ಅಳೆಯಬೇಕೆಂಬ ನಿಯಮ ಎಲ್ಲಿದೆ ಎಂದು ಮೇಲಿನವರು ಕೇಳಿದರು. ಅದಕ್ಕೆ ಉತ್ತರಿಸಲು ನನ್ನಲ್ಲಿ ಯಾವ ಸುತ್ತೋಲೆಯೂ ಇರಲಿಲ್ಲ, ಗಾಜಿನ ಮೇಲೆ ನಿಲ್ಲಿಸಿದ ತೋಟಾಗಳನ್ನು ತೋರಿಸಿದೆ. ಅಂದಿನಿಂದ ನಿವೃತ್ತಿಯವರೆಗೆ ನನ್ನ ಪಾಳಿಯಲ್ಲಿ ಹಾಗೆ ನಿಲ್ಲಿಸಿ ನೋಡುವುದನ್ನು ಬಿಡದೆ ಪಾಲಿಸಿದೆ.

ಪರವಾನಗಿ ಪಡೆದು .32 ಪಿಸ್ತೂಲು ಇಟ್ಟುಕೊಂಡಿರುವ ನಾಗರಿಕರಿಗೂ ಇದು ಅನ್ವಯಿಸುತ್ತದೆ. ಅವರಲ್ಲಿ ಹಲವರು ವರ್ಷಗಟ್ಟಲೆ ಒಂದು ಗುಂಡನ್ನೂ ಹಾರಿಸಿರುವುದಿಲ್ಲ. ತೋಟಾ ದುಬಾರಿಯಾದ್ದರಿಂದ ಇರುವ ಹತ್ತಿಪ್ಪತ್ತನ್ನೇ ಲೋಡ್ ಮಾಡುತ್ತ, ಇಳಿಸುತ್ತ ಇರುತ್ತಾರೆ. ರಿವಾಲ್ವರಿನಲ್ಲಿ ತೋಟಾವನ್ನು ಕೈಯಿಂದ ನೇರವಾಗಿ ಸಿಲಿಂಡರಿಗೆ ಇಳಿಸುವುದರಿಂದ ಈ ಬಡಿತವಿಲ್ಲ. ಅಲ್ಲಿ ತೊಂದರೆ ಬರುವುದು ಎದುರು ದಿಕ್ಕಿನಲ್ಲಿ: ಹಾರಿಸಿದಾಗಿನ ಹಿಮ್ಮೆಟ್ಟುವಿಕೆಗೆ ಪಕ್ಕದ ತೋಟಾಗಳ ಸಡಿಲ ಗುಂಡು ಮುಂದಕ್ಕೆ ಸರಿದು ಸಿಲಿಂಡರ್ ತಿರುಗದಂತೆ ತಡೆಯಬಹುದು.

ಗುರಿ ಸ್ಪರ್ಧೆಗಳನ್ನು ನೋಡಿದವರು ಒಂದು ಆಕ್ಷೇಪ ಎತ್ತಬಹುದು. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿ ಬಳಸುವ .32 ಎಸ್ ಆಂಡ್ ಡಬ್ಲ್ಯೂ ಲಾಂಗ್ ವಾಡ್‌ಕಟರ್ ತೋಟಾದಲ್ಲಿ ಚಪ್ಪಟೆ ಮೂತಿಯ ಗುಂಡು ಪೂರ್ತಿ ಕೇಸಿನೊಳಗೇ, ಬಾಯಿಯ ಮಟ್ಟಕ್ಕೆ ಕೂತಿರುತ್ತದಲ್ಲ, ಅದೇಕೆ ಸಿಡಿಯುವುದಿಲ್ಲ ಎಂದು. ಅದನ್ನು ರೂಪಿಸಿರುವುದೇ ಹಾಗೆ. ಅಷ್ಟು ಆಳಕ್ಕೆ ಕೂರಿಸುತ್ತೇವೆಂದು ಮೊದಲೇ ತೀರ್ಮಾನಿಸಿ, ಅದಕ್ಕೆ ತಕ್ಕಷ್ಟು ಸ್ವಲ್ಪವೇ ಮದ್ದು ಹಾಕಿರುತ್ತಾರೆ. ಆ ತೋಟಾದ ಗರಿಷ್ಠ ಒತ್ತಡದ ಮಿತಿಯೂ ಚದರ ಅಂಗುಲಕ್ಕೆ 15,000 ಪೌಂಡ್, 9 ಎಂಎಂ ತೋಟಾದ ಅರ್ಧಕ್ಕಿಂತ ಕಡಿಮೆ. ಮದ್ದು ಎಷ್ಟು ಎಂಬ ಪ್ರಶ್ನೆಗೆ ಆಳ ಎಷ್ಟು ಎಂದು ಕೇಳದೆ ಉತ್ತರ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ಕೋರಿಕೆ, ಆ ಲೇಖನದ ವಾಕ್ಯಕ್ಕೆ ಒಂದು ತಿದ್ದುಪಡಿ ಪ್ರಕಟಿಸಬೇಕೆಂಬುದು. ಮದ್ದು ಹೆಚ್ಚಾದರೂ, ಗುಂಡು ಆಳಕ್ಕಿಳಿದು ಮದ್ದಿನ ಜಾಗ ಕಡಿಮೆಯಾದರೂ ಪಿಸ್ತೂಲು ಸಿಡಿಯಬಹುದು ಎಂದು ಬರೆದರೆ ಸಾಕು. ಎರಡನೆಯದು, ಮೈಸೂರು ಮಂಡ್ಯ ಜಿಲ್ಲೆಗಳಲ್ಲಿ ಪಿಸ್ತೂಲು ಕೊಡುವ ಶಸ್ತ್ರಾಗಾರಗಳ ಮೇಲ್ವಿಚಾರಕರಲ್ಲಿ. ಅನ್‌ಲೋಡ್ ಮಾಡಿದ ತೋಟಾವನ್ನು ಮ್ಯಾಗಜಿನ್‌ನ ತಲೆಗೆ ತುಂಬದೆ ತಳಕ್ಕೆ ತುಂಬುವ ರೂಢಿ ಮಾಡಿಸಿ. ಪೆಟ್ಟು ಎಲ್ಲ ತೋಟಾಗಳಿಗೂ ಹಂಚಿಹೋಗುತ್ತದೆ. ತಿಂಗಳಿಗೊಮ್ಮೆಯಾದರೂ ಎಲ್ಲವನ್ನೂ ಹೊಸ ತೋಟಾವೊಂದರ ಪಕ್ಕ ಸಮತಟ್ಟಾದ ಗಾಜಿನ ಮೇಲೆ ನಿಲ್ಲಿಸಿ, ಅಡ್ಡಲಾಗಿ ಒಂದು ಸ್ಕೇಲ್ ಇಟ್ಟು ನೋಡಿಸಿ. ಸ್ಕೇಲಿಗೆ ತಾಗದೆ ಕೆಳಗುಳಿದದ್ದನ್ನು ಮತ್ತೆ ಪಿಸ್ತೂಲಿಗೆ ಹಾಕಿಸಬೇಡಿ, ಇಕ್ಕಳದಿಂದ ಎಳೆದು ಸರಿಪಡಿಸುವ ಪ್ರಯತ್ನವನ್ನೂ ಮಾಡಿಸಬೇಡಿ, ಏಕೆಂದರೆ ಒಮ್ಮೆ ಸಡಿಲಗೊಂಡ ಬಾಯಿ ಮತ್ತೆ ಬಿಗಿಯುವುದಿಲ್ಲ. ಅಂಥದ್ದನ್ನು ಗುರುತು ಹಾಕಿ ಬೇರೆ ಡಬ್ಬಿಯಲ್ಲಿಟ್ಟು ನಿಯಮದಂತೆ ವಿಲೇವಾರಿಗೆ ಕಳಿಸಬೇಕು. ಪರವಾನಗಿದಾರರು ಅದನ್ನು ತಾವು ಕೊಂಡ ಅಂಗಡಿಗೋ ಠಾಣೆಗೋ ಒಯ್ದು ಕೇಳಬಹುದು. ಇದಕ್ಕೆಲ್ಲ ಬೇಕಾಗುವುದು ಒಂದು ಗಾಜಿನ ತುಂಡು, ಒಂದು ಸ್ಕೇಲ್, ಹತ್ತು ನಿಮಿಷ.

ನನ್ನ ಅಳಿಯ ಅಮೆರಿಕಕ್ಕೆ ಮರಳುವ ಹಿಂದಿನ ರಾತ್ರಿ ನಾವಿಬ್ಬರೂ ಕೂತು, ಅವನು ಅಲ್ಲಿ ಕೊಂಡಿದ್ದ ತಾಮ್ರದ ಗುಂಡಿನ ಉದ್ದವನ್ನು ಅವನ ಪುಸ್ತಕದಲ್ಲಿ ಬರೆಸಿದೆ. ಅಲ್ಲಿ ಅದುವರೆಗೆ ತೂಕದ ಕಂಬಸಾಲು ಇತ್ತು, ಮದ್ದಿನದು ಇತ್ತು, ತೋಟಾದ ಒಟ್ಟು ಉದ್ದದ್ದೂ ಇತ್ತು. ಗುಂಡಿನ ಬುಡ ಒಳಗೆ ಎಷ್ಟು ಇಳಿದಿದೆ ಎಂಬುದಕ್ಕೆ ಅವನು ಈಗ ಇನ್ನೊಂದು ಗೆರೆ ಎಳೆದುಕೊಂಡಿದ್ದಾನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಆರ್ಮರರ್, ಮಂಡ್ಯ